ಅರಳುಮರಳು ಎಂದು ಕೈಬಿಡದಿರೋಣ



ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮ ಮನೆಗಳಲ್ಲಿ ಸಲೀಸಾಗಿ ಬಳಕೆಯಲ್ಲಿದೆ. ಅಜ್ಜ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಅಜ್ಜಿ ಗೊತ್ತಿರುವ ಓಣಿಯಲ್ಲೇ ದಾರಿ ತಪ್ಪಿದರೆ, 'ವಯಸ್ಸಾಯಿತು' ಎಂದು ನಕ್ಕು ಸುಮ್ಮನಾಗುತ್ತೇವೆ. ಕೆಲವರು ಗ್ರಹಚಾರವೆಂದು ಜ್ಯೋತಿಷಿಯ ಮನೆಗೆ ಓಡುತ್ತಾರೆ. ಎರಡರಿಂದಲೂ ರೋಗಿಗೆ ಉಪಯೋಗವಿಲ್ಲ.

ಸಂತೆಯಲ್ಲಿ ಒಂದು ಸಾಮಾನು ಮರೆತು ಬರುವುದು ಸಹಜ. ಜೀವಮಾನವಿಡೀ ಮಾಡಿದ ಅಡುಗೆಯ ಕ್ರಮ ಮರೆಯುವುದು, ಹಣದ ಎಣಿಕೆ ತಪ್ಪುವುದು, ಸ್ವಭಾವವೇ ಬದಲಾಗುವುದು ಸಹಜವಲ್ಲ. ಅದು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಸೂಚನೆ ಇರಬಹುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಇದರಿಂದ ಬಳಲುತ್ತಿದ್ದಾರೆ.

ಬೇಗ ತಿಳಿದು ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಮರೆವಿಗೆ ಕಾರಣವಾಗುವ ಕೆಲವು ತೊಂದರೆಗಳಿಗೆ ಚಿಕಿತ್ಸೆ ಇದೆ: ಥೈರಾಯ್ಡ್ ಕೊರತೆ, ಖಿನ್ನತೆ, ಕೆಲವು ಔಷಧಿಗಳ ಪರಿಣಾಮ, ಬಿ-12 ಜೀವಸತ್ವದ ಕೊರತೆ. ಸಸ್ಯಾಹಾರಿಗಳಾದ ನಾವು ಈ ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು. ಹಾಲು-ಮೊಸರು ಬಿಟ್ಟರೆ ನಮ್ಮ ಊಟದಲ್ಲಿ ಬಿ-12 ಇಲ್ಲವೆಂದೇ ಹೇಳಬಹುದು. ಕಾಯಿಲೆ ನಿಜವಾಗಿದ್ದರೂ, ಆಸ್ತಿ, ಆರೈಕೆ, ಹಣಕಾಸಿನ ವಿಷಯದಲ್ಲಿ ತಮ್ಮ ಇಚ್ಛೆಯೇನೆಂದು ಹಿರಿಯರು ತಾವೇ ಹೇಳಲು ಸಮಯ ಸಿಗುತ್ತದೆ. ತಡವಾದರೆ ಅವರ ಹೆಬ್ಬೆಟ್ಟು ಯಾರದೋ ಕೈಗೆ ಸಿಗುತ್ತದೆ.

ಪ್ರಾಥಮಿಕ ತಪಾಸಣೆ ಕಷ್ಟದ್ದಲ್ಲ. ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಆ ಪದಗಳನ್ನು ಮತ್ತೆ ಕೇಳುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಆದರೆ ಒಬ್ಬ ಎಂಜಿನಿಯರ್ ಆಗಿ ಒಂದು ಮಾತು ಹೇಳುತ್ತೇನೆ: ಅಳತೆಗೋಲು ಅಳೆಯುವ ವಸ್ತುವಿಗೆ ಒಪ್ಪಬೇಕು. ಶಾಲೆಯ ಮುಖ ಕಾಣದ ತಾಯಿ ಗಡಿಯಾರ ಬರೆಯಲಾರಳು, ಅದು ಕಾಯಿಲೆಯಲ್ಲ. ಇದನ್ನರಿತೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ, ಓದುಬರಹ ಬಾರದ ಹಳ್ಳಿಗರಿಗಾಗಿ ಹಿಂದಿಯಲ್ಲಿ ಬೇರೆಯೇ ಪ್ರಶ್ನಾವಳಿ ಸಿದ್ಧಪಡಿಸಿದರು. ಈಗ ಕನ್ನಡದಲ್ಲೂ ಇಂಥ ಪರೀಕ್ಷೆಗಳಿವೆ. ಅಂಕ ಕಡಿಮೆ ಬಂದರೆ ವೈದ್ಯರನ್ನು ಕಾಣಬೇಕೆಂದು ಅರ್ಥವೇ ಹೊರತು ರೋಗ ಖಚಿತವಾಯಿತೆಂದಲ್ಲ.

ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ತೆರೆದಿವೆ. ಮಠಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಸಕ್ಕರೆ ನೋಡುತ್ತಾರೆ. ಇನ್ನು ಮುಂದೆ ನೆನಪಿನ ಶಕ್ತಿ ಮತ್ತು ಕಿವಿಯನ್ನೂ ನೋಡಲಿ. ಎರಡು ನಿಯಮ ಇರಲಿ. ತಪಾಸಣೆ ಹಿರಿಯರ ಒಪ್ಪಿಗೆ ಪಡೆದು, ನಾಲ್ಕು ಜನರೆದುರಲ್ಲದೆ ಪ್ರತ್ಯೇಕ ಕೋಣೆಯಲ್ಲಿ ನಡೆಯಲಿ. ಮುಂದೆ ಯಾವ ವೈದ್ಯರ ಬಳಿ ಕಳುಹಿಸಬೇಕೆಂಬುದು ಶಿಬಿರಕ್ಕೆ ಮೊದಲೇ ಗೊತ್ತಾಗಿರಲಿ. ದಾರಿ ತೋರದೆ ಭಯ ಹುಟ್ಟಿಸುವುದು ಸೇವೆಯಲ್ಲ.

ಇನ್ನು ಮನೆಯಲ್ಲಿ ಈ ಆರೈಕೆಯ ಭಾರ ಹೊರುವವರು ಸಾಮಾನ್ಯವಾಗಿ ಸೊಸೆ, ಮಗಳು, ಇಲ್ಲವೇ ವಯಸ್ಸಾದ ಹೆಂಡತಿ. ಸಮಾನತೆಯ ಮಾತಾಡುವ ನಾವು ಗಂಡುಮಕ್ಕಳೂ ಈ ಕಾಯಕಕ್ಕೆ ಹೆಗಲು ಕೊಡಬೇಕು. ಅರಿವೇ ಗುರುವೆಂದು ನಂಬಿದ ಸಮಾಜವು, ಅರಿವು ಮಾಸುತ್ತಿರುವ ಹಿರಿಯರನ್ನು ಮೂಲೆಗೆ ತಳ್ಳಬಾರದು.