ಬೀಗದ ಕೈ ಯಾರ ಸೊಂಟದಲ್ಲಿ?

"ಹೋದರೆ ಹೋಯಿತು, ಇನ್ನೊಂದು ಖಾತೆ ತೆರೆದರಾಯಿತಲ್ಲ ಮಾಸ್ಟ್ರೇ!" ಎಂದು ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಪರಿಚಿತರೊಬ್ಬರು ನನ್ನನ್ನು ಸಮಾಧಾನಪಡಿಸಿದರು. ಅವರ ಮನಸ್ಸು ಒಳ್ಳೆಯದು; ಮಾತು ಮಾತ್ರ ಒಳ್ಳೆಯದಲ್ಲ. ಮನೆಗೆ ಬೀಗ ಬಿದ್ದು ಬೀದಿಯಲ್ಲಿ ನಿಂತವನೊಡನೆ "ಇನ್ನೊಂದು ಮನೆ ಕಟ್ಟಿಕೊಳ್ಳಿ" ಎಂದಂತಾಯಿತು. ಅಷ್ಟರಲ್ಲಿ ಬಸ್ಸು ಬಂದುದರಿಂದ ಅಂದು ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವರೊಬ್ಬರಿಗೆಂದಲ್ಲ, ಅವರಂತೆ ಯೋಚಿಸುವ ವಿದ್ಯಾವಂತರೆಲ್ಲರಿಗೆಂದು.

ನಡೆದುದು ಇಷ್ಟು. ನಾನು ಮೇಸ್ತರಿಕೆಯಿಂದ ನಿವೃತ್ತನಾದ ಬಳಿಕ ಒಂದು ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆದು, ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳೆಯ ಭಾವಚಿತ್ರಗಳನ್ನು ಸಂಗ್ರಹಿಸತೊಡಗಿದೆ. 1974ರ ನೇತ್ರಾವತಿಯ ನೆರೆಯಲ್ಲಿ ಮುಳುಗಿದ ಬಂಟ್ವಾಳ ಪೇಟೆಯ ಚಿತ್ರ, ಮುಳಿಹುಲ್ಲಿನ ಮಾಡಿನ ಶಾಲೆಗಳ ಮುಂದೆ ಸಾಲಾಗಿ ನಿಂತ ಮಕ್ಕಳು, ಯಾರದೋ ಮದುವೆಯ ಚಪ್ಪರ, ಯಾರದೋ ಅಜ್ಜಿಯ ಮುಖ. ಸಿದ್ದಕಟ್ಟೆಯ ಮೇಲಿನಿಂದ ಮೂಡಬಿದಿರೆಗೆ, ಅಲ್ಲಿಂದ ವೇಣೂರು ಗುರುವಾಯನಕೆರೆಯ ದಾರಿಯಾಗಿ ಬೆಳ್ತಂಗಡಿಗೆ ಬಸ್ಸಿನಲ್ಲಿ ಸುತ್ತಿ, ಮನೆಮನೆಗೆ ಹೋಗಿ, ಫೋನಿನಲ್ಲಿ ಪಡಿಯಚ್ಚು ತೆಗೆದು ಏರಿಸಿದವು ಅವು. ಒಂದೊಂದು ಚಿತ್ರದ ಕೆಳಗೂ ಊರವರು ಬರೆದರು: "ಎಡಗಡೆಯಿಂದ ಮೂರನೆಯವರು ನನ್ನ ದೊಡ್ಡಪ್ಪ", "ಆ ಅಂಗಡಿ ನೆರೆಯಲ್ಲಿ ಹೋಯಿತು, ಮತ್ತೆ ಕಟ್ಟಲಿಲ್ಲ." ಹೀಗೆ ಬರೆದವರಲ್ಲಿ ಹಲವರು ಈಗ ಇಲ್ಲ. ಮೂಲ ಚಿತ್ರಗಳಲ್ಲಿ ಹಲವನ್ನು ಗೆದ್ದಲೂ ಮಳೆಗಾಲದ ಬೂಷ್ಟೂ ತಿಂದಿವೆ. ಇನ್ನೊಂದು ಖಾತೆ ತೆರೆಯಬಹುದು. ಸತ್ತವರಿಂದ ಇನ್ನೊಮ್ಮೆ ಬರೆಯಿಸುವುದು ಹೇಗೆ?

ಒಂದು ದಿನ ಬಸ್ಸಿನಲ್ಲಿ ನನ್ನ ಫೋನು ಕಳೆದುಹೋಯಿತು. ಹೊಸ ಫೋನಿನಲ್ಲಿ ಖಾತೆ ತೆರೆಯಹೋದರೆ, ಹಳೆಯ ಸಂಖ್ಯೆಗೆ ಗುಪ್ತಸಂಕೇತ ಕಳುಹಿಸಿದ್ದೇವೆ ಎಂಬ ಉತ್ತರ. ಆ ಸಂಖ್ಯೆಗೆ ಹಣ ಕಟ್ಟುವುದನ್ನು ನಾನು ಎಂದೋ ನಿಲ್ಲಿಸಿದ್ದೆ. ಕಡಿತಗೊಂಡ ಸಂಖ್ಯೆಯನ್ನು 90 ದಿನಗಳು ಕಳೆದ ಮೇಲೆ ಬೇರೆಯವರಿಗೆ ಕೊಡಬಹುದೆಂಬುದು ನಮ್ಮ ದೇಶದ ದೂರವಾಣಿ ಕ್ರಮ. ಅದರಂತೆ ಅದು ರಾಯಚೂರಿನ ಕಡೆಯ ಒಬ್ಬ ಹುಡುಗನ ಪಾಲಾಗಿತ್ತು. ಧೈರ್ಯಮಾಡಿ ಅವನಿಗೇ ಫೋನು ಮಾಡಿದೆ. "ಬಂದದ ನೋಡ್ರಿ ಸರ, ಬರಕೊಳ್ರಿ" ಎಂದು ಆ ಪುಣ್ಯಾತ್ಮ ಆರು ಅಂಕಿಗಳನ್ನೂ ಓದಿ ಹೇಳಿದ. ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಆ ಹುಡುಗ ಸಾಧುವಾಗಿದ್ದ. ಕಳ್ಳನಾಗಿದ್ದರೆ ನನ್ನ ಮನೆಯ ಬೀಗದ ಕೈಯನ್ನು ಕಂಪೆನಿಯೇ ಅವನ ಕೈಗೆ ಒಪ್ಪಿಸಿದಂತಾಗುತ್ತಿತ್ತು.

ಸಂಕೇತ ಬರೆದ ಮೇಲೂ ಯಂತ್ರಕ್ಕೆ ತೃಪ್ತಿಯಾಗಲಿಲ್ಲ. ಗುರುತಿನ ಚೀಟಿ ಕೇಳಿತು. ಆಧಾರ್ ಕಾರ್ಡು ಕಳುಹಿಸಿದೆ. ಖಾತೆಯಲ್ಲಿದ್ದುದು ಊರವರು ಕರೆಯುವ ಹೆಸರು, ಅದರ ಹಿಂದೆ ಮನೆಯ ಹೆಸರು. ಕಾರ್ಡಿನಲ್ಲಿದ್ದುದು ತಂದೆಯ ಹೆಸರು ಕೂಡಿಸಿ ಸರಕಾರ ಬರೆದ ಹೆಸರು. ತುಳುನಾಡಿನಲ್ಲಿ ಒಬ್ಬನಿಗೆ ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲೊಂದು ಹೆಸರಿರುವುದು ಹೊಸತೇನಲ್ಲ. ಯಂತ್ರಕ್ಕೆ ಅದು ಮೋಸವಾಗಿ ಕಂಡಿತು. "ನಿಮ್ಮ ಗುರುತನ್ನು ಖಚಿತಪಡಿಸಲಾಗಲಿಲ್ಲ" ಎಂಬ ಒಂದು ವಾಕ್ಯ. ಬಳಿಕ ಶಾಶ್ವತ ಮೌನ. ನಾನು ನಾನೇ ಎಂಬುದನ್ನು ಬಂಟ್ವಾಳ ಪೇಟೆಯಲ್ಲಿ ನೂರು ಮಂದಿ ಹೇಳಿಯಾರು. ಆದರೆ ಅವರು ಯಾರೊಡನೆ ಹೇಳಬೇಕು? ಅದು ಯಾವ ಕಂಪೆನಿಯೆಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದವರು ಸಾಚಾ ಎಂದಾದೀತು.

ಇದು ನನ್ನೊಬ್ಬನ ಗೋಳಾಗಿದ್ದರೆ ವಾರಪತ್ರಿಕೆಯ ಪುಟಕ್ಕೆ ತರುತ್ತಿರಲಿಲ್ಲ. ಮೂಡಬಿದಿರೆಯಲ್ಲಿ ನನ್ನ ಸಂಬಂಧಿಕಳೊಬ್ಬಳು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡಿ ಜಾಲತಾಣದ ಮೂಲಕ ಮಾರುತ್ತಾಳೆ. ಯಾರೋ ಕಳುಹಿಸಿದ ಕೊಂಡಿಯನ್ನು ಒತ್ತಿದ್ದೇ ತಡ, ಖಾತೆ ಕಳ್ಳನ ವಶವಾಯಿತು. ಅವಳ ಹೆಸರಿನಲ್ಲಿ ಅವಳ ಗಿರಾಕಿಗಳಿಂದಲೇ ಅವನು ಸಾಲ ಕೇಳಿದ. 1930ಕ್ಕೆ ಕರೆಮಾಡಿ ದೂರು ಬರೆಯಿಸಿದಳು. ಪೊಲೀಸರು ಹಣದ ಜಾಡು ಹಿಡಿಯಬಲ್ಲರು. ಖಾತೆಯ ಬಾಗಿಲು ತೆರೆಯುವ ಕೈ ಅವರಲ್ಲಿಲ್ಲ. ಕೊನೆಗೆ "ಖಾತೆ ಹಿಂದಕ್ಕೆ ತೆಗೆಸಿಕೊಡುತ್ತೇನೆ" ಎಂಬವನೊಬ್ಬ ಗಂಟುಬಿದ್ದು ಮೂರು ಸಾವಿರ ರೂಪಾಯಿ ಕಸಿದುಕೊಂಡು ಮಾಯವಾದ. ಬೆಳ್ತಂಗಡಿಯ ನನ್ನ ಹಳೆಯ ಶಿಷ್ಯನೊಬ್ಬ ಗಲ್ಫಿನಿಂದ ಮರಳಿ ಬಂದ. ಅಲ್ಲಿಯ ಸಂಖ್ಯೆ ಅಲ್ಲಿಯೇ ಮುಗಿಯಿತು. ಅದರೊಂದಿಗೆ ಹನ್ನೊಂದು ವರ್ಷಗಳ ಪರಿಚಯವೆಲ್ಲ ಮುಗಿಯಿತು. ಗಲ್ಫಿಗೆ ಹೋಗಿ ಬಂದವರಿಲ್ಲದ ಬೀದಿ ನಮ್ಮ ಮೂರು ತಾಲೂಕುಗಳಲ್ಲಿ ಎಷ್ಟಿದ್ದೀತು?

ಕಂಪೆನಿಯವರ ಪರವಾಗಿ ವಾದಿಸುವವರು ಹೇಳುವ ಮೊದಲ ಮಾತು: "ಅದು ಪುಕ್ಕಟೆ ಕೊಟ್ಟದ್ದು, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬಾರದು." ಗಾದೆ ಸರಿ, ಪ್ರಯೋಗ ತಪ್ಪು. ಅದು ಧರ್ಮದ ದಟ್ಟಿಯಲ್ಲ. ನಾವು ಹಾಕಿದ ಚಿತ್ರಗಳನ್ನು ನೋಡಬಂದವರ ಕಣ್ಣಿಗೆ ಜಾಹೀರಾತು ತೋರಿಸಿ ಕಂಪೆನಿ ಹಣ ಗಳಿಸುತ್ತದೆ. ಜಾತ್ರೆ ನೆರೆಸಿದವರು ನಾವು; ಅಂಗಡಿಗಳ ಬಾಡಿಗೆ ಎತ್ತುವವರು ಅವರು. ಜಾತ್ರೆಯಲ್ಲಿ ನಮ್ಮ ಮಗು ಕಳೆದುಹೋದರೆ "ಪುಕ್ಕಟೆ ಬಂದವರಲ್ಲವೆ" ಎಂದು ಗದರಿಸುವುದು ಯಾವ ನ್ಯಾಯ?

ಎರಡನೆಯ ಮಾತಿನಲ್ಲಿ ತಥ್ಯವಿದೆ. "ಬಾಗಿಲನ್ನು ಸುಲಭವಾಗಿ ತೆರೆದರೆ ಕಳ್ಳನೂ ಒಳಬರುತ್ತಾನೆ, ಕೋಟ್ಯಂತರ ಜನರ ಮುಖ ನೋಡಿ ಗುರುತಿಸುವುದು ಸಾಧ್ಯವಿಲ್ಲ." ಒಪ್ಪಿದೆ. ನನ್ನಂತೆಯೇ ಸುಳ್ಳು ಚೀಟಿ ಹಿಡಿದು ಬರುವವರೂ ಇದ್ದಾರು. ಆದರೆ ಈಗಿನ ಬೀಗ ಯಾರಿಗೆ ಬಿಗಿಯಾಗಿದೆ? ಮೂಡಬಿದಿರೆಯ ಕಳ್ಳನಿಗೆ ಅದು ಒಂದೇ ಏಟಿಗೆ ತೆರೆಯಿತು. ರಾಯಚೂರಿನ ಅಪರಿಚಿತನಿಗೆ ಸಂಕೇತ ತಾನಾಗಿಯೇ ಹೋಯಿತು. ಯಜಮಾನನಾದ ನನಗೆ ಮಾತ್ರ ಕದ ಅಲುಗಲಿಲ್ಲ. ಕಳ್ಳನಿಗೆ ಸಡಿಲ, ಒಡೆಯನಿಗೆ ಬಿಗಿಯಾದ ಬೀಗವನ್ನು ಭದ್ರತೆಯೆಂದು ಕರೆಯಲು ನಾನು ಸಿದ್ಧನಿಲ್ಲ.

1974ರಲ್ಲಿ ನಮ್ಮ ಮನೆಯ ಪೆಟ್ಟಿಗೆ ನೆರೆಯಲ್ಲಿ ಹೋಯಿತು. ಅದರೊಳಗೆ ತಂದೆಯವರ ಬ್ಯಾಂಕಿನ ಪಾಸುಪುಸ್ತಕವಿತ್ತು. ನೀರು ಇಳಿದ ಮೇಲೆ ಅವರು ಇಬ್ಬರು ನೆರೆಮನೆಯವರನ್ನು ಕರೆದುಕೊಂಡು ಬ್ಯಾಂಕಿಗೆ ಹೋದರು. ಮ್ಯಾನೇಜರು ನಾಲ್ಕು ಪ್ರಶ್ನೆ ಕೇಳಿ, ಸಹಿಯನ್ನು ಹಳೆಯ ಸಹಿಯೊಡನೆ ಹೋಲಿಸಿ, ಸಾಕ್ಷಿಗಳಿಂದ ಬರೆಯಿಸಿಕೊಂಡು ಹೊಸ ಪುಸ್ತಕ ಕೊಟ್ಟರು. ಸಂಶಯ ಬಂದಿದ್ದರೆ ಕೊಡದೆಯೂ ಇರಬಹುದಿತ್ತು. ಆಗ ಅದರ ಕಾರಣವನ್ನು ಮುಖಕ್ಕೆ ಮುಖಕೊಟ್ಟು ಹೇಳಬೇಕಾಗುತ್ತಿತ್ತು. ಹಣದ ವಿಷಯದಲ್ಲಿ ನಡೆಯುವ ಈ ಕ್ರಮ ಪಟಗಳ ವಿಷಯದಲ್ಲಿ ಏಕೆ ನಡೆಯಬಾರದು?

ನಡೆಯಬಹುದೆಂದು ಕಂಪೆನಿಯೊಂದು ತಾನೇ ತೋರಿಸಿಕೊಟ್ಟಿತ್ತು. ಖಾತೆದಾರನು ಮೂರರಿಂದ ಐದು ಮಂದಿ ನಂಬಿಕೆಯ ಮಿತ್ರರನ್ನು ಮೊದಲೇ ಹೆಸರಿಸಿಡುವ, ಬೀಗ ಬಿದ್ದಾಗ ಅವರ ನೆರವಿನಿಂದ ಒಳಹೋಗುವ ಏರ್ಪಾಡನ್ನು ಫೇಸ್‌ಬುಕ್ 2013ರಲ್ಲಿ ತಂದಿತ್ತು. ನಮ್ಮ ನೆರೆಮನೆಯವರ ಸಾಕ್ಷಿಯೇ ಅದು. ಕೆಲವು ವರ್ಷಗಳ ಮೇಲೆ ಅದನ್ನು ನಿಲ್ಲಿಸಿಬಿಟ್ಟಿತು. ದೋಷಗಳಿದ್ದರೆ ತಿದ್ದಬಹುದಿತ್ತು, ಸಾಕ್ಷಿಗಳನ್ನೇ ಹೊರಗಟ್ಟುವ ಅಗತ್ಯವಿರಲಿಲ್ಲ.

ಬೀಗದ ಮಾತು ಬಂದಾಗ ನಮ್ಮ ಮೂಡಬಿದಿರೆಯನ್ನು ನೆನೆಯದಿರಲಾರೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತದ ತಾಳೆಗರಿಗಳು ಹಳೆಯ ಕನ್ನಡ ಲಿಪಿಯಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಬಂದವರಿಗೆ ದರ್ಶನವಿತ್ತು, ಓದಿಗೆ ಅವಕಾಶವಿರಲಿಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಪಟ್ಟುಹಿಡಿದು, ಬೇಡಿಕೊಂಡು, ವಾದಿಸಿ ಪ್ರತಿಗಳನ್ನು ಮಾಡಿಸಿದರು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗತೊಡಗಿತು. ಬೀಗ ಬಿಗಿಯಾಗಿತ್ತು, ನಿಜ. ಆದರೆ ಬೀಗದ ಕೈ ಮನುಷ್ಯರ ಬಳಿಯಿತ್ತು. ಅವರ ಬಾಗಿಲಲ್ಲಿ ಕುಳಿತು ಕೇಳಬಹುದಿತ್ತು. ಇವತ್ತು ಇಲ್ಲವೆಂದವರು ನಾಳೆ ಹೌದೆನ್ನಬಹುದಿತ್ತು. ಮೇಲಾಗಿ, ಗರಿಗಳನ್ನು ಕಾದವರು ಅವುಗಳನ್ನು ಉಳಿಸಿಕೊಟ್ಟರು. ನನ್ನ ಪಟಗಳನ್ನು ಕಾಯುವವರು ಉಳಿಸುವರೋ ಅಳಿಸುವರೋ ಕೇಳಲಿಕ್ಕೂ ಬಾಗಿಲಿಲ್ಲ.

"ಕಾನೂನಿಲ್ಲವೆ?" ಎಂದು ಕೇಳುವಿರಿ. ಇದೆ. ಕೇಂದ್ರ ಸರಕಾರ 2021ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮಗಳಂತೆ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲಿ ವಾಸಿಸುವ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು, ಇಲ್ಲಿಯ ವಿಳಾಸವನ್ನು ಪ್ರಕಟಿಸಬೇಕು. 24 ಗಂಟೆಗಳಲ್ಲಿ ದೂರು ಸ್ವೀಕರಿಸಿ 15 ದಿನಗಳಲ್ಲಿ ತೀರ್ಮಾನಿಸಬೇಕೆಂದು ಆಗ ಬರೆದರು. 2022ರ ತಿದ್ದುಪಡಿಯಿಂದ ಮೇಲ್ಮನವಿ ಸಮಿತಿಗಳು ಹುಟ್ಟಿದವು. 2023ರ ಮಾರ್ಚಿನಿಂದ ಕೆಲಸ ಆರಂಭಿಸಿದವು. ದೂರು ಅಧಿಕಾರಿಯ ತೀರ್ಮಾನದ ಮೇಲೆ 30 ದಿನಗಳೊಳಗೆ ಅಲ್ಲಿಗೆ ಹೋಗಬಹುದು. ಈ ವಿಷಯ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನನ್ನ ಸಂಬಂಧಿಕಳಿಗೆ ಗೊತ್ತಿದ್ದರೆ ಮೂರು ಸಾವಿರ ರೂಪಾಯಿ ಉಳಿಯುತ್ತಿತ್ತು.

ಆದರೂ ಕಾನೂನು ಅರ್ಧ ದಾರಿಯಲ್ಲಿ ನಿಂತಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ನಾವು ಸತ್ತ ಮೇಲೆ ನಮ್ಮ ಹಕ್ಕುಗಳನ್ನು ಚಲಾಯಿಸುವವರನ್ನು ನೇಮಿಸಲು ಅವಕಾಶವಿದೆ. ಆದರೆ ನಾವು ಇಟ್ಟ ಸೊತ್ತನ್ನು ಗಂಟುಕಟ್ಟಿ ಒಯ್ಯುವ ಹಕ್ಕು ಹಿಂದಿನ ಕರಡುಗಳಲ್ಲಿದ್ದುದು ಕಾಯಿದೆಯಾಗುವಷ್ಟರಲ್ಲಿ ಬಿದ್ದುಹೋಯಿತು. ನಿಯಮಗಳು ಹೊರಟುದು 2025ರ ನವಂಬರದಲ್ಲಿ. ಮುಖ್ಯ ಭಾಗಗಳಿಗೆ ಮತ್ತೆ 18 ತಿಂಗಳ ವಾಯಿದೆ. ಯುರೋಪಿನವರಿಗೆ ಆ ಗಂಟುಕಟ್ಟುವ ಹಕ್ಕು 2018ರಿಂದಲೇ ಇದೆ. 2024ರ ಫೆಬ್ರವರಿಯಿಂದ ಅಲ್ಲಿ ಪೂರ್ಣವಾಗಿ ಜಾರಿಗೆ ಬಂದ ಕಾನೂನಿನಂತೆ, ಖಾತೆಯನ್ನು ತಡೆದರೆ ಕಾರಣ ಕೊಡಬೇಕು. ದೂರಿನ ಮೇಲಿನ ತೀರ್ಪನ್ನು ಯಂತ್ರವೊಂದೇ ಕೊಡಕೂಡದು. ಬರ್ಲಿನ್ನಿನವನ ಪಟಕ್ಕೆ ಇರುವ ಬೆಲೆ ಬಂಟ್ವಾಳದವನ ಪಟಕ್ಕೆ ಇಲ್ಲವೇ?

ದೊಡ್ಡವರಿಗಾದರೂ ಸುಖವಿದೆಯೇ ಎಂದರೆ, ಅದೂ ಇಲ್ಲ. ಸರ್ವೋಚ್ಚ ನ್ಯಾಯಾಲಯದ ಹಿರಿಯ ನ್ಯಾಯವಾದಿ ಸಂಜಯ ಹೆಗ್ಡೆಯವರ ಖಾತೆಯನ್ನು 2019ರಲ್ಲಿ ಟ್ವಿಟರ್ ತಡೆಯಿತು. ಹಿಟ್ಲರನ ಕಾಲದಲ್ಲಿ ಎಲ್ಲರೂ ಕೈಯೆತ್ತಿ ವಂದಿಸುವಾಗ ಕೈಕಟ್ಟಿ ನಿಂತ ಒಬ್ಬ ಕಾರ್ಮಿಕನ ಪ್ರಸಿದ್ಧ ಚಿತ್ರ ಆ ಪುಟದಲ್ಲಿತ್ತು. ಅವರು ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಲು ಹತ್ತಿದರು. ಹಪ್ಪಳ ಮಾರುವ ಹೆಂಗಸು ಯಾವ ಮೆಟ್ಟಲು ಹತ್ತಬೇಕು? ಇನ್ನೊಂದು ವಿನೋದ ಕೇಳಿ. 2022ರಲ್ಲಿ ಅದೇ ಟ್ವಿಟರ್ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಬಂದು, ಸರಕಾರ ಖಾತೆಗಳನ್ನು ತಡೆಯಿಸುವಾಗ ಖಾತೆದಾರರಿಗೆ ನೋಟೀಸು ಕೊಡಬೇಕೆಂದು ವಾದಿಸಿತು. 2023ರ ಜೂನ್ 30ರಂದು ನ್ಯಾಯಾಲಯ ಆ ಅರ್ಜಿಯನ್ನು ವಜಾಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿತು. ಕಂಪೆನಿ ಸೋತಿತು, ಅದರ ವಾದ ಮಾತ್ರ ನನಗೆ ಹಿಡಿಸಿತು. ಸರಕಾರಕ್ಕೆ ಹೇಳಿದ ಆ ನೀತಿಯನ್ನು ಜಾಲತಾಣಗಳೆಲ್ಲ ತಮ್ಮ ಮನೆಯಲ್ಲೂ ನಡೆಸಲಿ ಎಂಬುದಷ್ಟೇ ನನ್ನ ಬಿನ್ನಹ.

ನಮ್ಮ ತಪ್ಪನ್ನೂ ಮುಚ್ಚಿಡಬಾರದು. ಸಂಖ್ಯೆ ಬದಲಾದಾಗ ಖಾತೆಯಲ್ಲಿ ತಿದ್ದದಿದ್ದವನು ನಾನು. ಒಳಗಿದ್ದಾಗಲೇ ಎಲ್ಲವನ್ನೂ ಇಳಿಸಿಕೊಳ್ಳುವ ಸೌಕರ್ಯವಿದ್ದೂ ಆಲಸ್ಯಪಟ್ಟವನು ನಾನು. ಆಪತ್ಕಾಲದ ಸಂಕೇತಗಳನ್ನು ಕಾಗದದಲ್ಲಿ ಬರೆದು ಗೋದ್ರೆಜಿನಲ್ಲಿಡಿ ಎಂದು ಮಗಳು ಹೇಳಿದಾಗ ನಕ್ಕವನೂ ನಾನೇ. ವಾಚಕರು ಇವತ್ತೇ ಆ ಕೆಲಸ ಮಾಡಿಕೊಳ್ಳಲಿ. ಆದರೆ ಅಜಾಗ್ರತೆಗೆ ದಂಡವಿರಬೇಕು, ಗಡೀಪಾರಲ್ಲ.

ನಾನು ಕೇಳುವುದು ಮೂರೇ. ಬೀಗ ಹಾಕಿದರೆ ಕಾರಣವನ್ನು ನನ್ನ ಭಾಷೆಯಲ್ಲಿ ಬರೆದು ಕೊಡಲಿ. ನನ್ನ ಗುರುತನ್ನು ಮನುಷ್ಯನೊಬ್ಬ ಪರೀಕ್ಷಿಸಲಿ; ಊರೂರಿಗೂ ಅಂಚೆ ಕಛೇರಿಯಿದೆ, ಅಲ್ಲಿ ಸಾಕ್ಷಿಗಳೊಂದಿಗೆ ನಿಂತು ರುಜು ಹಾಕಲು ನಾನು ಸಿದ್ಧ, ಶುಲ್ಕ ಕೊಡಲೂ ಸಿದ್ಧ. ಒಳಗೆ ಬಿಡುವುದೇ ಇಲ್ಲವೆಂದಾದರೆ, ಹೊರಹಾಕಿದ ಬಾಡಿಗೆದಾರನಿಗೆ ಪಾತ್ರೆಪಗಡ ಕೊಡುವಂತೆ, ನನ್ನ ಪಟಗಳನ್ನೂ ಅವುಗಳ ಕೆಳಗಿನ ಬರಹಗಳನ್ನೂ ಹಿಂದಕ್ಕೆ ಕೊಡಲಿ.

ಇದನ್ನೆಲ್ಲ ಕನ್ನಡದಲ್ಲಿ ಬರೆದು, ಕಂಪೆನಿಯ ಭಾರತದ ವಿಳಾಸಕ್ಕೆ ಬಂಟ್ವಾಳದ ಅಂಚೆ ಕಛೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಮೇಲ್ಮನವಿ ಸಮಿತಿಗೆ ಬರೆಯುತ್ತೇನೆ. ಆದರೆ ಪತ್ರ ತಲುಪಿದ್ದಕ್ಕೆ ರಸೀದಿ ಬಂದಿದೆ. ಅದರಲ್ಲಿ ಯಾರೋ ನೀಲಿ ಶಾಯಿಯಿಂದ ಅವಸರದಲ್ಲಿ ಗೀಚಿದ ಒಂದು ರುಜುವಿದೆ. ಆ ಕಂಪೆನಿಯಲ್ಲಿ ಮನುಷ್ಯರಿದ್ದಾರೆ ಎಂಬುದಕ್ಕೆ ನನಗೆ ದೊರೆತ ಮೊದಲ ಪುರಾವೆ ಅದು. ಜೋಪಾನವಾಗಿ ಇಟ್ಟುಕೊಂಡಿದ್ದೇನೆ.