ಗಂಜಿಯನ್ನು ಬಸಿಯಬೇಕೆ, ಬೇಡವೆ?

ಮೈಸೂರು ಕಡೆಯ ಗೃಹಸ್ಥರೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಮನೆಯಲ್ಲಿ ತಾಯಿಯವರು ಅಕ್ಕಿಯನ್ನು ಧಾರಾಳವಾದ ನೀರಿನಲ್ಲಿ ಬೇಯಿಸಿ ಗಂಜಿಯನ್ನು ಬಸಿಯುವರಂತೆ. ಸೊಸೆಯು ಅಳೆದ ನೀರಿಟ್ಟು ಕುಕ್ಕರಿನಲ್ಲಿ ಇಂಗಿಸುವಳಂತೆ. ಬಸಿದರೆ ಸತ್ತ್ವವೆಲ್ಲ ಮೋರಿಯ ಪಾಲೆಂದು ಸೊಸೆ. ಬಸಿಯದ ಅನ್ನವು ಮೈಗೆ ಜಡವೆಂದು ಅತ್ತೆ. ಇಬ್ಬರಲ್ಲಿ ಯಾರ ಮಾತು ದಿಟ ಎಂಬುದು ಪ್ರಶ್ನೆ. ಅತ್ತೆ ಸೊಸೆಯರ ನಡುವೆ ತೀರ್ಪು ಹೇಳುವ ಸಾಹಸಕ್ಕೆ ನಾವು ಇಳಿಯತಕ್ಕವರಲ್ಲ. ಆದರೆ ಈ ಪ್ರಶ್ನೆಯು ಕಾಣುವಷ್ಟು ಸಣ್ಣದಲ್ಲ. ಬಂಗಾಳದ ಅಸಂಖ್ಯ ಮನೆಗಳಲ್ಲಿ ಅನ್ನ ಮಾಡುವ ಬಗೆಯೇ ವಿಷದ ಪ್ರಶ್ನೆಯಾಗಿ ಕುಳಿತಿದೆ. ಮೊದಲು ಅಲ್ಲಿಯ ವೃತ್ತಾಂತವನ್ನು ವಾಚಕರ ಮುಂದಿಟ್ಟು, ಬಳಿಕ ನಮ್ಮ ಒಲೆಯ ಬಳಿಗೆ ಬರುವೆವು.

'ಪಾಷಾಣ' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಕಲ್ಲು ಎಂದಷ್ಟೇ ಅರ್ಥ. ನಮ್ಮ ನುಡಿಯಲ್ಲಿ ಅದು ವಿಷದ ಹೆಸರೇ ಆಗಿಬಿಟ್ಟಿತು. ಬಿಳಿಯ ಶಂಖಪಾಷಾಣ, ಹಳದಿಯ ಹರಿತಾಳ, ಕೆಂಪು ಮನಃಶಿಲೆ, ಈ ಮೂರಕ್ಕೂ ಮೂಲವಾದ ಧಾತುವು ಒಂದೇ. ಅದನ್ನು ಈಗಿನವರು ಆರ್ಸೆನಿಕ್ ಎನ್ನುವರು. ಶಾಸ್ತ್ರರೀತಿಯಲ್ಲಿ ಅದು ಪೂರ್ಣ ಲೋಹವಲ್ಲ. ಆದರೂ ಸೀಸ, ಪಾದರಸ, ಕ್ಯಾಡ್ಮಿಯಂಗಳೊಡನೆ ಭಾರಲೋಹಗಳ ಪಂಕ್ತಿಯಲ್ಲಿಯೇ ಅದನ್ನು ಕೂರಿಸುವ ವಾಡಿಕೆ ಉಂಟು. ಹರಿತಾಳವನ್ನು ಅದರ ಬಣ್ಣದಿಂದ ಗುರುತಿಸಿ ದೂರ ಇಡಬಹುದು. ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುದಿಸಿದರೂ ಅದು ಹೋಗುವುದಿಲ್ಲ.

ಗಂಗೆಯೂ ಬ್ರಹ್ಮಪುತ್ರೆಯೂ ಹಿಮಾಲಯದಿಂದ ತಂದು ಹಾಸಿದ ಮೆಕ್ಕಲು ಮಣ್ಣಿನಲ್ಲಿ ಮರಳಿನ ಕಣಗಳಿಗೆ ಕಬ್ಬಿಣದ ತುಕ್ಕಿನ ಲೇಪವಿದೆ. ಆ ಲೇಪಕ್ಕೆ ಆರ್ಸೆನಿಕ್ ಅಂಟಿಕೊಂಡಿದೆ. ಗಾಳಿ ಸೋಕದ ಆಳದಲ್ಲಿ ಸೂಕ್ಷ್ಮಜೀವಿಗಳು ತುಕ್ಕನ್ನು ಕರಗಿಸಿದಾಗ ಅದು ಹಿಡಿದಿಟ್ಟಿದ್ದ ವಿಷವೂ ನೀರಿಗೆ ಬಿಡುಗಡೆಯಾಗುವುದು. ಹೊಂಡ ಕುಂಟೆಗಳ ನೀರನ್ನು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದ ಪ್ರಾಂತಗಳಲ್ಲಿ, 1970ರ ದಶಕದಿಂದ ಮೊದಲ್ಗೊಂಡು, ಯೂನಿಸೆಫ್ ಮೊದಲಾದ ಸಂಸ್ಥೆಗಳ ನೆರವಿನಿಂದ ಕೊಳವೆ ಬಾವಿಗಳನ್ನು ಲಕ್ಷಗಟ್ಟಲೆಯಾಗಿ ಇಳಿಸಿದರು. ಉದ್ದೇಶವು ನಿಜವಾಗಿಯೂ ಒಳ್ಳೆಯದೇ. ಆದರೆ ಆ ದಿನಗಳಲ್ಲಿ ಬಾವಿಯ ನೀರಿನಲ್ಲಿ ಆರ್ಸೆನಿಕ್ ಉಂಟೆ ಎಂದು ನೋಡುವ ಪದ್ಧತಿ ಇರಲಿಲ್ಲ. 1983ರಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮವೈದ್ಯರಾದ ಕೆ. ಸಿ. ಸಾಹಾ ಅವರು ಹಳ್ಳಿಗಳಿಂದ ಬಂದ ರೋಗಿಗಳ ಎದೆ ಬೆನ್ನುಗಳ ಮೇಲೆ ಮಳೆಹನಿ ಸಿಡಿದಂತಹ ಕಲೆಗಳನ್ನೂ, ಅಂಗೈ ಅಂಗಾಲುಗಳಲ್ಲಿ ಗಂಟುಗಟ್ಟಿದ ಗಡಸುತನವನ್ನೂ ಕಂಡು, ಇದು ಬಾವಿಯ ನೀರಿನ ಆರ್ಸೆನಿಕ್ ಎಂದು ಗುರುತಿಸಿದರು. ಮುಂದೆ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರು ಊರೂರು ಸುತ್ತಿ ಬಾವಿಗಳನ್ನು ಪರೀಕ್ಷಿಸಿ ಪಿಡುಗಿನ ವಿಸ್ತಾರವನ್ನು ಲೋಕಕ್ಕೆ ತಿಳಿಸಿದರು. ಬಾಂಗ್ಲಾದೇಶದಲ್ಲಿ ಇದು ಪತ್ತೆಯಾದುದು 1993ರಲ್ಲಿ. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಅರ್ಬುದರೋಗವೂ ಕಾಣಿಸಿಕೊಳ್ಳುವುದು.

ಕುಡಿಯುವ ನೀರನ್ನು ಬದಲಾಯಿಸಿದರೆ ಸಾಕಲ್ಲವೆ ಎಂದು ವಾಚಕರು ಕೇಳಬಹುದು. ಸಾಲದು. ಅದೇ ಕೊಳವೆ ಬಾವಿಗಳ ನೀರೇ ಗದ್ದೆಗೂ ಹರಿಯುತ್ತದೆ. ಬಂಗಾಳಿಗಳು 'ಆಮನ್' ಎನ್ನುವ ಮಳೆಗಾಲದ ಭತ್ತವು ಬಹುಮಟ್ಟಿಗೆ ಮಳೆಯ ನೀರಿನಿಂದ ಬೆಳೆಯುವುದು. 'ಬೋರೋ' ಎನ್ನುವ ಬೇಸಗೆಯ ಭತ್ತಕ್ಕೆ ಬಾವಿಯ ನೀರೇ ಗತಿ. ವರ್ಷವರ್ಷವೂ ನೀರಿನೊಡನೆ ಬಂದ ಆರ್ಸೆನಿಕ್ ಗದ್ದೆಯ ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗುವುದು. ಆದರೂ ಅದೇ ಮಣ್ಣಿನಲ್ಲಿ ಗೋಧಿಯನ್ನು ಬೆಳೆದರೆ ಕಾಳಿಗೆ ಬರುವ ವಿಷವು ಭತ್ತದಷ್ಟು ಇರುವುದಿಲ್ಲ.

ಇದಕ್ಕೆ ಕಾರಣಗಳು ಎರಡು. ನಿಂತ ನೀರಿನ ಕೆಳಗೆ ಗದ್ದೆಯ ಮಣ್ಣಿಗೆ ಗಾಳಿಯಿಲ್ಲ. ಆಳದ ನೆಲದಲ್ಲಿ ನಡೆದ ತುಕ್ಕು ಕರಗುವ ವ್ಯಾಪಾರವು ಇಲ್ಲಿಯೂ ನಡೆದು ಆರ್ಸೆನಿಕ್ ಬೇರಿನ ಸುತ್ತ ಕರಗಿ ನಿಲ್ಲುವುದು. ಎರಡನೆಯದು ಭತ್ತದ ಸ್ವಭಾವ. ಈ ಪೈರಿಗೆ ಸಿಲಿಕಾ, ಎಂದರೆ ಮರಳಿನ ಸತ್ತ್ವ, ಬಹಳ ಬೇಕು. ಒಣಗಿದ ಪೈರಿನ ತೂಕದಲ್ಲಿ ನೂರಕ್ಕೆ ಹತ್ತರವರೆಗೂ ಸಿಲಿಕಾ ಇರಬಲ್ಲುದು. ಭತ್ತದ ಗರಿಯು ಕೈಯನ್ನು ಕೊಯ್ಯುವುದು, ಪೈರು ಬಾಗದೆ ನಿಲ್ಲುವುದು, ಹುಳು ಹುಪ್ಪಟೆಗಳಿಗೆ ಸುಲಭವಾಗಿ ಬಗ್ಗದಿರುವುದು ಎಲ್ಲವೂ ಅದರಿಂದ. ಸಿಲಿಕಾವನ್ನು ಒಳಗೆ ಬಿಟ್ಟುಕೊಳ್ಳಲು ಬೇರಿನಲ್ಲಿ ಪ್ರತ್ಯೇಕವಾದ ಬಾಗಿಲುಗಳಿವೆ. ಕರಗಿದ ಸಿಲಿಕಾ ಮತ್ತು ಗಾಳಿಯಿಲ್ಲದೆಡೆಯಲ್ಲಿ ಕರಗಿದ ಆರ್ಸೆನಿಕ್, ಎರಡರ ಗಾತ್ರವೂ ಹೆಚ್ಚುಕಡಮೆ ಒಂದೇ. ಬಾಗಿಲು ಕಾಯುವವನಿಗೆ ಗುರುತು ಹತ್ತುವುದಿಲ್ಲ. ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದ ಮಾ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 2008ರಲ್ಲಿ ಇದನ್ನು ಸಿದ್ಧಪಡಿಸಿ ತೋರಿಸಿದರು. ಅತಿಥಿಯ ವೇಷದಲ್ಲಿ ಕಳ್ಳನು ಬಂದು ಪಂಕ್ತಿಯಲ್ಲಿ ಕುಳಿತಂತೆ ಆಯಿತು.

ಇದರಲ್ಲಿಯೇ ಒಂದು ಉಪಾಯವೂ ಅಡಗಿದೆ. ಸಿಲಿಕಾ ಸಮೃದ್ಧವಾಗಿರುವ ಗದ್ದೆಯಲ್ಲಿ ಆ ಬಾಗಿಲುಗಳಲ್ಲಿ ಅದರದೇ ನೂಕುನುಗ್ಗಲು. ಆರ್ಸೆನಿಕ್‌ಗೆ ಎಡೆ ಕಡಮೆಯಾಗುವುದು. ಉಷ್ಣದೇಶಗಳ ಹಳೆಯ ಕೆಂಪು ಮಣ್ಣಿನಲ್ಲಿ, ಜಂಬಿಟ್ಟಿಗೆಯ ನೆಲದಲ್ಲಿ, ಯುಗಯುಗಗಳ ಮಳೆಯು ಸಿಲಿಕಾವನ್ನು ತೊಳೆದುಬಿಟ್ಟಿದೆ. ಹುಲ್ಲನ್ನೂ ಹೊಟ್ಟನ್ನೂ ಗದ್ದೆಯಿಂದ ಹೊತ್ತೊಯ್ದು ಏನನ್ನೂ ಹಿಂದಿರುಗಿಸದಿದ್ದರೆ ಉಳಿದುದೂ ಬರಿದಾಗುವುದು. ಹೊಟ್ಟಿನ ಬೂದಿಯನ್ನು ಗದ್ದೆಗೆ ಚೆಲ್ಲುವುದು ಬರಿಯ ಅಂಧಪದ್ಧತಿಯಲ್ಲವೆಂದು ಇದರಿಂದ ತಿಳಿಯಬಹುದು. ಗದ್ದೆಯನ್ನು ಆಗಾಗ ಒಣಗಲು ಬಿಡುವುದು ಇನ್ನೊಂದು ದಾರಿ. ಗಾಳಿ ತಗುಲಿದರೆ ಆರ್ಸೆನಿಕ್ ಮತ್ತೆ ತುಕ್ಕಿಗೆ ಅಂಟಿಕೊಳ್ಳುವುದು. ಆದರೆ ಮಣ್ಣಿನಲ್ಲಿ ಕ್ಯಾಡ್ಮಿಯಂ ಇದ್ದರೆ ಅದರ ನಡೆ ತದ್ವಿರುದ್ಧ: ನಿಂತ ನೀರಿನಲ್ಲಿ ಗಂಧಕದೊಡನೆ ಬಂಧಿತವಾಗಿರುವ ಅದು ಒಣಗಿದಾಗ ಬಿಡಿಸಿಕೊಂಡು ಬೇರಿಗೆ ಹೋಗುವುದು. ಥಾಯ್ಲೆಂಡಿನ ಮೇ ಸೋತ್ ಪ್ರಾಂತದಲ್ಲಿ ಸತುವಿನ ಗಣಿಯ ಕೆಳಗಿನ ಗದ್ದೆಗಳ ಅಕ್ಕಿಯು ಇಂತಹ ಕ್ಯಾಡ್ಮಿಯಂನಿಂದಲೇ ಕೆಟ್ಟುದು. ಒಂದು ವಿಷಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ದಾರಿಯಾಗುವುದರಿಂದ, ಮಣ್ಣನ್ನು ಪರೀಕ್ಷಿಸದೆ ರೈತರಿಗೆ ಉಪದೇಶ ಮಾಡುವವರನ್ನು ಕಂಡರೆ ನಮಗೆ ಭಯ.

ಇನ್ನು ಸ್ವಲ್ಪ ಲೆಕ್ಕ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಆರ್ಸೆನಿಕ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಪಾಲಿಷ್ ಮಾಡಿದ ಅಕ್ಕಿಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಂಡಲಿಯು 2014ರಲ್ಲಿ ಗೊತ್ತುಮಾಡಿದ ಮೇರೆ ಕಿಲೋಗೆ 0.2 ಮಿಲಿಗ್ರಾಂ. ದಿನಕ್ಕೆ ಅರ್ಧ ಕಿಲೋ ಅಕ್ಕಿಯನ್ನು ಉಣ್ಣುವ ಕೂಲಿಯಾಳಿಗೆ, ಅಕ್ಕಿಯು ಈ ಮೇರೆಯಲ್ಲಿಯೇ ಇದ್ದರೂ, 100 ಮೈಕ್ರೋಗ್ರಾಂ ಸೇರಿತು. ಮೇರೆಯಲ್ಲಿರುವ ನೀರನ್ನು ಹತ್ತು ಲೀಟರು ಕುಡಿದುದಕ್ಕೆ ಇದು ಸಮ! ಬಟ್ಟಲು ಅನ್ನದ ಜೊತೆಗೆ ನಾಲ್ಕು ಬಗೆಯ ಪದಾರ್ಥಗಳನ್ನು ಉಣ್ಣುವವರು ಗೊತ್ತುಮಾಡಿದ ಮೇರೆಯು, ಉಪ್ಪು ಮೆಣಸಿನಕಾಯಿಯೊಡನೆ ಅನ್ನವನ್ನೇ ಉಣ್ಣುವವನನ್ನು ಎಷ್ಟರಮಟ್ಟಿಗೆ ಕಾಯುವುದೋ ವಾಚಕರೇ ಯೋಚಿಸಬೇಕು.

ಈಗ ಅಡಿಗೆಮನೆಗೆ ಬರೋಣ. ಅಕ್ಕಿಯನ್ನು ತಿಳಿಯಾಗುವವರೆಗೆ ತೊಳೆದು, ಆರರಷ್ಟು ನೀರಿನಲ್ಲಿ ಬೇಯಿಸಿ, ಗಂಜಿಯನ್ನು ಬಸಿದರೆ ಆರ್ಸೆನಿಕ್‌ನ ಅರ್ಧದಷ್ಟು ಪಾಲು ನೀರಿನೊಡನೆ ಹೋಗುವುದೆಂದು ಬಂಗಾಳದಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಕಂಡಿದೆ. ಆ ನೀರು ಶುದ್ಧವಾಗಿರಬೇಕೆಂಬುದನ್ನು ಮರೆಯಬಾರದು. ಬಾವಿಯ ನೀರಿನಲ್ಲಿಯೇ ವಿಷವಿದ್ದರೆ ಅನ್ನವು ಅದನ್ನು ಹೀರಿಕೊಳ್ಳುವುದು. ಅತ್ತೆಯವರ ಪದ್ಧತಿಗೆ ಹೀಗೆ ಬಲವುಂಟು. ಆದರೆ ಗಂಜಿಯೊಡನೆ ಬಿ ಜೀವಸತ್ತ್ವಗಳೂ ಹೋಗುವುವೆಂಬ ಸೊಸೆಯ ಮಾತು ಸುಳ್ಳಲ್ಲ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಕ್ರಮವು ಇಬ್ಬರಿಗೂ ಒಪ್ಪಿಗೆಯಾಗಬಹುದು: ಅಕ್ಕಿಯನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಮಾತ್ರ ಇಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರನ್ನು ಅಳೆದು ಹಾಕಿ ಸಣ್ಣ ಉರಿಯಲ್ಲಿ ಇಂಗಿಸುವುದು. ಇದರಿಂದ ಬಿಳಿಯ ಅಕ್ಕಿಯ ಆರ್ಸೆನಿಕ್‌ನಲ್ಲಿ ಮುಕ್ಕಾಲುಪಾಲಿನ ಹತ್ತಿರ, ತೌಡುಳ್ಳ ಅಕ್ಕಿಯಲ್ಲಿ ಅರ್ಧಕ್ಕೆ ಮೇಲ್ಪಟ್ಟು ಹೋಗುವುದು.

ತೌಡಿನ ವಿಷಯವಾಗಿಯೂ ಒಂದು ಮಾತು. ಪಾಲಿಷ್ ಮಾಡದ ಅಕ್ಕಿಯ ಗುಣಗಳನ್ನು ಈಗ ಎಲ್ಲರೂ ಹೊಗಳುವರು, ಹೊಗಳಿಕೆ ಯುಕ್ತವಾದುದೇ. ಆದರೆ ಆರ್ಸೆನಿಕ್ ತೌಡಿನಲ್ಲಿಯೇ ಹೆಚ್ಚು. ಶಿಶುಗಳಿಗೆ ಮೈತೂಕವು ಕಡಮೆ, ಊಟವು ಒಂದೇ ಬಗೆ. ಆದುದರಿಂದಲೇ ಯೂರೋಪಿನ ಒಕ್ಕೂಟವು 2016ರಿಂದ ಶಿಶುಗಳ ಆಹಾರಕ್ಕೆ ಹೋಗುವ ಅಕ್ಕಿಗೆ ಕಿಲೋಗೆ 0.1 ಮಿಲಿಗ್ರಾಂ ಎಂಬ ಬಿಗಿಯಾದ ಮೇರೆಯನ್ನು ಇಟ್ಟಿದೆ. ನಮ್ಮ ಮನೆಗಳಲ್ಲಿ ಕೂಸಿಗೆ ರಾಗಿಯ ಸರಿಯನ್ನು ಉಣಿಸುವ ಅಜ್ಜಿಯರು ಇನ್ನೂ ಇರುವರು, ಅವರನ್ನು ತಡೆಯಬೇಡಿರಿ. ನೀರು ನಿಲ್ಲದ ಹೊಲದಲ್ಲಿ ಬೆಳೆಯುವ ರಾಗಿ ಜೋಳಗಳಿಗೆ ಗದ್ದೆಯ ಈ ತೊಡಕಿಲ್ಲ. ದೊಡ್ಡವರಿಗೂ ಒಂದು ಹೊತ್ತು ಮುದ್ದೆಯೋ ರೊಟ್ಟಿಯೋ ಆದರೆ ಅನ್ನದ ಲೆಕ್ಕವು ತಾನಾಗಿ ಇಳಿಯುವುದು.

ಇದೆಲ್ಲ ಬಂಗಾಳದ ಮಾತೆಂದು ನಿಶ್ಚಿಂತರಾಗುವಂತಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಆಸುಪಾಸಿನಲ್ಲಿ, ಕೊಳವೆ ಬಾವಿಯ ನೀರನ್ನು ಕುಡಿದ ಲಂಬಾಣಿ ಜನರ ಮೈಮೇಲೆ ಅದೇ ಕಲೆಗಳನ್ನೂ ಅದೇ ಗಡಸುತನವನ್ನೂ ದೀಪಂಕರ ಚಕ್ರವರ್ತಿಯವರ ತಂಡವು ಕಂಡು 2013ರಲ್ಲಿ ಪ್ರಕಟಿಸಿತು. ಅಲ್ಲಿ ಮೆಕ್ಕಲು ಮಣ್ಣಲ್ಲ, ಚಿನ್ನದ ಅದಿರಿನೊಡನೆ ಇರುವ ಬಂಡೆಯೇ ಮೂಲ. ಹೀಗಾಗಿ ಕೊಳವೆ ಬಾವಿಯ ನೀರನ್ನು ಕುಡಿಯುವ ಮನೆಗಳವರು, ಗಣಿ ಪ್ರದೇಶಗಳಲ್ಲಿರುವವರಂತೂ ಅವಶ್ಯವಾಗಿ, ಒಮ್ಮೆ ಆ ನೀರನ್ನು ಪರೀಕ್ಷಾಲಯಕ್ಕೆ ಕೊಟ್ಟು ನೋಡತಕ್ಕದ್ದು. ಕೊಡುವಾಗ ಆರ್ಸೆನಿಕ್ ಪರೀಕ್ಷೆಯನ್ನು ಹೆಸರು ಹೇಳಿ, ಚೀಟಿಯಲ್ಲಿ ಬರೆಯಿಸಿ ಕೇಳಬೇಕು. ನೀರು ಗಡಸೋ ಮೆದುವೋ ಎಂದು ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.