ಎಲಿಫೆಂಟಾ ಕೆತ್ತಿಸಿದ್ದು ನಮ್ಮವರಾ?

ಮುಂಬಯಿಯಲ್ಲಿರುವ ನಮ್ಮಂಥವರ ಮನೆಗೆ ಊರಿಂದ ನೆಂಟರು ಬಂದರೆ ತೋರಿಸುವ ಜಾಗಗಳ ಪಟ್ಟಿ ನಿಮಗೂ ಬಾಯಿಪಾಠ ಇರುತ್ತದೆ. ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಗೇಟ್‌ವೇ, ಪುರುಸೊತ್ತು ಸಿಕ್ಕರೆ ಎಲಿಫೆಂಟಾ. ಲಾಂಚಿನಲ್ಲಿ ಒಂದು ಗಂಟೆ, ಪುಟಾಣಿ ರೈಲಿನಲ್ಲಿ ಐದು ನಿಮಿಷ, ಏದುಸಿರು ಬಿಡುತ್ತಾ ನೂರಿಪ್ಪತ್ತು ಮೆಟ್ಟಿಲು, ಗುಹೆಯೊಳಗೆ ಕಾಲು ಗಂಟೆ. ಆ ಕಾಲು ಗಂಟೆಯಲ್ಲೂ ಹತ್ತು ನಿಮಿಷ ಫೋಟೋಗೆ. ಉಳಿದ ಐದು ನಿಮಿಷದಲ್ಲಿ ನಮ್ಮವರಲ್ಲಿ ಒಬ್ಬರಾದರೂ ಎದೆಯುಬ್ಬಿಸಿ ಹೇಳುವ ಮಾತು ಒಂದಿದೆ: "ನೋಡ್ರೀ, ಇದೆಲ್ಲ ನಮ್ಮ ಚಾಲುಕ್ಯರು ಕೆತ್ತಿಸಿದ್ದು!" ರಾಷ್ಟ್ರಕೂಟರು ಅನ್ನುವವರೂ ಇದ್ದಾರೆ. ಸಂಘದ ಪಿಕ್ನಿಕ್ ಆದರಂತೂ ಇದರ ಮೇಲೆ ಒಂದು ಪುಟ್ಟ ಭಾಷಣವೇ ಆಗಿಬಿಡುತ್ತದೆ.

ಈ ಮಾತಿಗೆ ನನ್ನ ತಕರಾರಿದೆ.

ಮೊದಲು ಇತಿಹಾಸ. ಮುಖ್ಯ ಗುಹೆಯ ಕಾಲ ಆರನೇ ಶತಮಾನದ ನಡುಭಾಗ ಎಂದು ಈಗ ಬಹುತೇಕ ವಿದ್ವಾಂಸರು ಹೇಳುತ್ತಾರೆ. ಶೈಲಿ ನೋಡಿ, ದ್ವೀಪದಲ್ಲಿ ಸಿಕ್ಕ ನಾಣ್ಯಗಳನ್ನು ನೋಡಿ, ಇದನ್ನು ಮಾಹಿಷ್ಮತಿಯ ಕಳಚುರಿಗಳಿಗೆ, ಅದರಲ್ಲೂ ಕೃಷ್ಣರಾಜನ ಕಾಲಕ್ಕೆ ಸೇರಿಸುವವರೇ ಹೆಚ್ಚು. (ಕಳಚುರಿ ಅಂದ ಕೂಡಲೇ ನಮಗೆ ಕಲ್ಯಾಣದ ಬಿಜ್ಜಳ ನೆನಪಾಗುತ್ತಾನೆ. ಅವನು ಬಂದದ್ದು ಇದಾಗಿ ಆರುನೂರು ವರ್ಷದ ಮೇಲೆ!) ಖಚಿತವಾಗಿ ಹೇಳಬಹುದಾಗಿದ್ದ ಒಂದು ಶಾಸನ ಇಲ್ಲಿತ್ತಂತೆ. ಅದನ್ನು ಪೋರ್ಚುಗೀಸರು ಕಿತ್ತು ಸಾಗಿಸಿದರು, ಆಮೇಲೆ ಅದರ ಪತ್ತೆಯೇ ಇಲ್ಲ.

ನಮ್ಮ ಬಾದಾಮಿಯ ಮಂಗಳೇಶ ಏನು ಮಾಡಿದ? ಅದೇ ಕಳಚುರಿ ವಂಶದ ಬುದ್ಧರಾಜನ ಮೇಲೆ ದಂಡೆತ್ತಿ ಹೋಗಿ ಸೋಲಿಸಿದ. ಅವನ ಅಣ್ಣನ ಮಗ ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರನ್ನು ಬಗ್ಗುಬಡಿದು, ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣಕ್ಕೆ ಹಡಗುಗಳಲ್ಲಿ ಮುತ್ತಿಗೆ ಹಾಕಿದ. ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ಇದನ್ನು ಹಾಡಿ ಹೊಗಳಿದ್ದಾನೆ. ಆ ಪುರಿ ಇದೇ ಘಾರಾಪುರಿ ಅನ್ನುವವರಿದ್ದಾರೆ, ಬೇರೆ ಕಡೆ ತೋರಿಸುವವರೂ ಇದ್ದಾರೆ. ಇದೇ ಹೌದಾದರೆ ಮಜಾ ನೋಡಿ, ನಮ್ಮವರು ಈ ದ್ವೀಪಕ್ಕೆ ಬಂದದ್ದು ಉಳಿ ಹಿಡಿದಲ್ಲ, ಕತ್ತಿ ಹಿಡಿದು :)

ಹಾಗಂತ ನಂಟೇ ಇಲ್ಲ ಅನ್ನುತ್ತಿಲ್ಲ. ನಂಟು ಇರುವುದು ರಾಜರ ಪಟ್ಟಿಯಲ್ಲಲ್ಲ, ಕಲ್ಲಿನಲ್ಲಿ. ಬಾದಾಮಿಯ ಮೊದಲ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನನ್ನು, ಅರ್ಧನಾರೀಶ್ವರನನ್ನು ನೋಡಿದವರು ಇಲ್ಲಿಯ ನಟರಾಜ, ಅರ್ಧನಾರೀಶ್ವರರ ಮುಂದೆ ನಿಂತು ಹೋಲಿಸಿ ನೋಡಬೇಕು. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕಪ್ಪು ಬಸಾಲ್ಟ್. ಅಲ್ಲಿ ಬಿಸಿಲು ಬಿದ್ದರೆ ಮೂರ್ತಿ ಹೊಳೆಯುತ್ತದೆ, ಇಲ್ಲಿ ಮೂರ್ತಿ ಕತ್ತಲೆಯೊಳಗಿಂದ ಮೆಲ್ಲಗೆ ಹೊರಗೆ ಬರುತ್ತದೆ. ಇದಕ್ಕೆ ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ನಿಲ್ಲಬೇಕು. "ನಮ್ಮದು" ಅಂತ ತೀರ್ಪು ಕೊಟ್ಟವರಿಗೆ ನಿಲ್ಲುವ ದರ್ದೇ ಇರುವುದಿಲ್ಲ, ನನ್ನ ತಕರಾರು ಇದೇ.

ದಕ್ಷಿಣ ಗೋಡೆಯ ಆ ದೊಡ್ಡ ಸದಾಶಿವನನ್ನೇ ತಗೊಳ್ಳಿ. ಎರಡಾಳಿಗಿಂತ ಎತ್ತರ. ಬ್ರಹ್ಮ-ವಿಷ್ಣು-ಮಹೇಶ್ವರ ಅಂತ ಹೇಳಿ ಮುಗಿಸುತ್ತಾರೆ, ಆದರೆ ಮೂರೂ ಶಿವನ ಮುಖಗಳೇ. ನಮ್ಮ ಎಡಕ್ಕೆ ಮೀಸೆ ಹೊತ್ತ, ಹುಬ್ಬು ಗಂಟಿಕ್ಕಿದ, ಹಾವು ಹಿಡಿದ ಅಘೋರ. ಬಲಕ್ಕೆ ಕಮಲ ಹಿಡಿದ, ಹೆಣ್ಣಿನ ಮುಖದ ವಾಮದೇವ. ನಡುವೆ ಕಣ್ಣು ಮುಚ್ಚಿದ ತತ್ಪುರುಷ. ಎಡಗಡೆಯಿಂದ ಬಲಗಡೆಗೆ ನಿಧಾನಕ್ಕೆ ನಡೆಯುತ್ತಾ ನೋಡಿ. ಸಿಟ್ಟು ಕರಗಿ ಮೌನವಾಗಿ, ಮೌನ ಕರಗಿ ಮಮತೆಯಾಗುತ್ತದೆ. ಇದು ಫೋಟೋದಲ್ಲಿ ಬರುವುದಿಲ್ಲ, ಎಷ್ಟು ಮೆಗಾಪಿಕ್ಸೆಲ್ ಇದ್ದರೂ. ಸುತ್ತಲಿನ ಫಲಕಗಳಲ್ಲಿ ಕೈಕಾಲು ಮುರಿದವರೇ ಹೆಚ್ಚು. ಕಲ್ಯಾಣಸುಂದರದಲ್ಲಿ ನಾಚಿ ತಲೆ ತಗ್ಗಿಸಿದ ಪಾರ್ವತಿಯನ್ನು ಮಾತ್ರ ಬಿಡದೆ ನೋಡಿ. ಕಾಲು ಮುರಿದಿದ್ದರೂ ನಾಚಿಕೆ ಮುರಿದಿಲ್ಲ.

ಗುಹೆ ಮುಗಿದರೆ ದ್ವೀಪ ಮುಗಿಯಿತೇ? ನೂರಕ್ಕೆ ತೊಂಬತ್ತು ಜನ ಅಲ್ಲಿಂದಲೇ ವಾಪಸ್. ಮೇಲೆ ಗುಡ್ಡದಲ್ಲಿ ಎರಡು ಹಳೆಯ ಫಿರಂಗಿಗಳಿವೆ. ಅಲ್ಲಿಂದ ಕಣ್ಣು ಹಾಯಿಸಿದರೆ ಒಂದು ಕಡೆ ಕಂಟೇನರ್ ಬಂದರು, ಇನ್ನೊಂದು ಕಡೆ 2024ರಲ್ಲಿ ತೆರೆದ ಅಟಲ್ ಸೇತು, ಕೆಳಗೆ ಕಾಂದ್ಲಾ ಕಾಡು. ನೀರು ಇಳಿದ ಹೊತ್ತಿಗೆ ಹೋದರೆ ಕೆಸರಿನಲ್ಲಿ ಕಾಂದ್ಲಾ ಗಿಡಗಳ ಉಸಿರು ಬೇರುಗಳು ಮೊಳೆ ಹೊಡೆದ ಹಾಗೆ ಎದ್ದು ನಿಂತಿರುತ್ತವೆ, ಏಡಿಗಳು ಓಡಾಡುತ್ತಿರುತ್ತವೆ. ಕುಂದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ನೋಡಿ ಊರಿನ ಅಳಿವೆ ನೆನಪಾಗದಿದ್ದರೆ ಹೇಳಿ. ಪೂರ್ವದ ಗುಡ್ಡದಲ್ಲಿ ಬೌದ್ಧರ ಕಾಲದ ಇಟ್ಟಿಗೆಯ ಸ್ತೂಪದ ಅವಶೇಷವಿದೆ. ಶಿವನಿಗಿಂತ ಮೊದಲು ಬುದ್ಧನಿಗೆ ಒಲಿದ ದ್ವೀಪ ಇದು, ಆ ಕಡೆ ನರಪಿಳ್ಳೆಯೂ ಇರುವುದಿಲ್ಲ.

ಇನ್ನು ಊರಿನವರು. ರಾಜಬಂದರ್, ಶೇತ್‌ಬಂದರ್, ಮೋರಾಬಂದರ್ ಅಂತ ಮೂರು ಹಳ್ಳಿಗಳಿವೆ ಅಲ್ಲಿ. ಗುಹೆಗಳು ಯುನೆಸ್ಕೊ ಪಟ್ಟಿ ಸೇರಿದ್ದು 1987ರಲ್ಲಿ. ಸಮುದ್ರದಡಿಯ ಕೇಬಲ್ ಮೂಲಕ ಈ ಹಳ್ಳಿಗಳಿಗೆ ಸರಿಯಾಗಿ ಕರೆಂಟ್ ಬಂದದ್ದು 2018ರಲ್ಲಿ! ಅಲ್ಲಿಯವರೆಗೆ ರಾತ್ರಿಯಿಡೀ ಮುಂಬಯಿಯ ದೀಪ ನೋಡುತ್ತಾ, ಸಂಜೆ ಒಂದಿಷ್ಟು ಹೊತ್ತು ಜನರೇಟರ್ ಓಡಿಸಿಕೊಂಡು ಇದ್ದರು. ಚಾಲುಕ್ಯರೋ ಕಳಚುರಿಗಳೋ ಎಂದು ವಾದಿಸುವ ನಾವು, ಮೆಟ್ಟಿಲ ಬದಿಯಲ್ಲಿ ಹುಣಸೆ, ಸೌತೆಕಾಯಿ ಮಾರುವ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. "ನಮ್ಮದು" ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ಆಕೆಗೆ ಅಂತ ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಿದರೆ ಜಗಳ ಮಾಡೋಣ, ತೊಂದರೆಯಿಲ್ಲ.

ಹೋಗುವವರಿಗೆ ಎರಡು ಮಾತು. ಸೋಮವಾರ ಗುಹೆಗಳಿಗೆ ರಜೆ. ಭಾನುವಾರ ಜಾತ್ರೆ. ವಾರದ ನಡುವೆ ಒಂದು ರಜೆ ಹಾಕಿ ಬೆಳಗಿನ ಮೊದಲ ಲಾಂಚ್ ಹಿಡಿಯಿರಿ. ಲೈಫ್ ಜಾಕೆಟ್ ಸೆಖೆ ಅಂತ ಬಿಚ್ಚಿಡಬೇಡಿ. 2024ರ ಡಿಸೆಂಬರಿನಲ್ಲಿ ಇದೇ ದಾರಿಯಲ್ಲಿ ನೌಕಾಪಡೆಯ ಸ್ಪೀಡ್‌ಬೋಟು ಪ್ರಯಾಣಿಕರ ಲಾಂಚಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತಬೇಡಿ, ಮಂಗಗಳು ನಿಮಗಿಂತ ಚುರುಕು.

"ಎಲಿಫೆಂಟಾದಲ್ಲಿ ಆನೆ ಎಲ್ಲಿ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಪೋರ್ಚುಗೀಸರು ಹೆಸರಿಟ್ಟದ್ದು ದಡದ ಹತ್ತಿರವಿದ್ದ ಕಲ್ಲಿನ ಆನೆಯನ್ನು ನೋಡಿ. ಅದನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಎತ್ತುವಾಗ ಬೀಳಿಸಿ ಒಡೆದುಹಾಕಿದರು. ಆ ತುಂಡುಗಳನ್ನು ಮತ್ತೆ ಜೋಡಿಸಿ ಭಾಯಖಳದ ರಾಣಿಬಾಗ್‌ನಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕ ನಿಲ್ಲಿಸಿದ್ದಾರೆ. ಅಲ್ಲಿಗೆ ಲಾಂಚ್ ಬೇಡ, ಲೋಕಲ್ ಸಾಕು.